ಎರಡು ಕಂಬಗಳ ನಡುವೆ ಮಾಲಗಾಡಿ

ಸೊಲ್ಲಾಪುರದಿಂದ ಕಲಬುರಗಿಗೆ ಹೊರಟ ರೈಲುಹಳಿ ಅಕ್ಕಲಕೋಟ ರೋಡ್ ದಾಟಿದ ಮೇಲೆ ನಾಗಣಸೂರ, ಬೋರೋಟಿ, ದುಧನಿ ಎಂಬ ಸಣ್ಣ ನಿಲ್ದಾಣಗಳನ್ನು ಮುಟ್ಟುತ್ತ ಆಗ್ನೇಯಕ್ಕೆ ಸಾಗುತ್ತದೆ. ಇದು ಹಳೆಯ ಮುಂಬಯಿ–ಮದರಾಸು ಹಾದಿ. 1860ರಲ್ಲಿ ಸೊಲ್ಲಾಪುರ ತಲುಪಿದ್ದ ಈ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಕಡೆಯಿಂದ ಬಂದ ಹಳಿಯನ್ನು ಕೂಡಿಕೊಂಡಿತು. ಎರಡೂ ಬದಿಗೆ ಎರೆಭೂಮಿ, ಜೋಳ, ತೊಗರಿ, ನೀರಿದ್ದಲ್ಲಿ ಕಬ್ಬು. ರೈಲಿನ ಚಿತ್ರ ತೆಗೆಯುವ ಹವ್ಯಾಸಿಗಳಲ್ಲಿ ಹೆಚ್ಚಿನವರು ಎಕ್ಸ್‌ಪ್ರೆಸ್ ಗಾಡಿಗಳ ಹಿಂದೆ ಹೋಗುತ್ತಾರೆ. ಇಂಥ ಬಯಲಿನಲ್ಲಿ ಮಾಲಗಾಡಿಗೆಂದೇ ಕಾಯುವವರು ಕಡಿಮೆ, ಅವರ ಕೆಲಸ ಹೆಚ್ಚು ಕಠಿಣ.

ಮೊದಲ ತೊಡಕು ವೇಳೆಯದು. ಪ್ರಯಾಣಿಕರ ಗಾಡಿಗೆ ವೇಳಾಪಟ್ಟಿ ಇದೆ, ಮಾಲಗಾಡಿಗೆ ಜನರ ಕೈಗೆ ಸಿಗುವ ಪಟ್ಟಿ ಇಲ್ಲ. ಹಾದಿ ತೆರವಾದಾಗ ಹೊರಡುತ್ತದೆ, ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಲೂಪ್ ಹಳಿಯಲ್ಲಿ ತಾಸುಗಟ್ಟಲೆ ನಿಲ್ಲುತ್ತದೆ. ಹಾಗಾಗಿ ಛಾಯಾಗ್ರಾಹಕ ಎಕ್ಸ್‌ಪ್ರೆಸ್ ಗಾಡಿಗಳ ವೇಳೆಯನ್ನು ಬರೆದಿಟ್ಟುಕೊಂಡು, ನಡುವೆ ಉಳಿಯುವ ಖಾಲಿ ಹೊತ್ತನ್ನು ಲೆಕ್ಕ ಹಾಕುತ್ತಾನೆ. ದೂರದಿಂದ ಸಿಗ್ನಲ್ ಕಣ್ಣಿಗೆ ಬೀಳುವಂತೆ ನಿಲ್ಲುತ್ತಾನೆ. ಕೆಂಪು ಹೋಗಿ ಹಸಿರು ಅಥವಾ ಹಳದಿ ಬಂತೆಂದರೆ ಆ ದಿಕ್ಕಿಗೆ ದಾರಿ ಸಿಕ್ಕಿದೆ ಎಂದರ್ಥ. ಲೆವೆಲ್ ಕ್ರಾಸಿಂಗಿನ ಗೇಟು ಹಾಕಿದರೆ ಇನ್ನೊಂದು ಸುಳಿವು.

ಈ ಹಾದಿಯಲ್ಲಿ ಏನು ಸಾಗುತ್ತದೆ ಎಂಬುದೂ ತಿಳಿದಿರಬೇಕು. ವಾಡಿ, ಶಹಾಬಾದ್, ಸೇಡಂ, ಮಳಖೇಡಗಳ ನೆಲದಡಿ ಸುಣ್ಣದ ಕಲ್ಲಿದೆ, ಅದನ್ನು ನಂಬಿ ಸಿಮೆಂಟ್ ಕಾರ್ಖಾನೆಗಳಿವೆ. ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದ ಮಳಖೇಡ ಈಗ ಸಿಮೆಂಟಿನ ಊರು. ಸಿಮೆಂಟ್ ಚೀಲಗಳು ಮುಚ್ಚಿದ ಡಬ್ಬಿಗಳಲ್ಲಿ ಹೋಗುತ್ತವೆ, ಅವಕ್ಕೆ ರೈಲ್ವೆಯ ಹೆಸರು ಬಿಸಿಎನ್. ತೆರೆದ ಡಬ್ಬಿ ಬಾಕ್ಸ್‌ಎನ್, ಕಲ್ಲಿದ್ದಲಿನದು. ತಳ ತೆರೆದು ಸರಕು ಸುರಿಸುವ ಹಾಪರ್ ಡಬ್ಬಿಗಳು ಬೇರೆ. ಸೊಲ್ಲಾಪುರದ ಮಗ್ಗುಲಿನ ಹೋಟಗಿ ಹತ್ತಿರ ಎನ್‌ಟಿಪಿಸಿಯ 1320 ಮೆಗಾವ್ಯಾಟ್ ವಿದ್ಯುತ್ ಸ್ಥಾವರವಿದೆ. ಅದರ ಒಲೆಗೆ ಕಲ್ಲಿದ್ದಲು ಬರುವುದು ರೈಲಿನಲ್ಲಿಯೇ.

ಜಾಗ ಆರಿಸುವಾಗ ಎಲ್ಲಕ್ಕಿಂತ ಮೊದಲು ನೋಡುವುದು ಸೂರ್ಯನನ್ನು. ಹಳಿ ವಾಯವ್ಯದಿಂದ ಆಗ್ನೇಯಕ್ಕೆ ಇರುವುದರಿಂದ ಚಳಿಗಾಲದ ಬೆಳಿಗ್ಗೆ ಕಲಬುರಗಿ ಕಡೆ ಹೋಗುವ ಇಂಜಿನ್ನಿನ ಮುಖಕ್ಕೆ ನೇರ ಬಿಸಿಲು ಬೀಳುತ್ತದೆ. ಸೂರ್ಯ ತುಸು ಏರಿದರೆ ತೆಂಕಣ ಮಗ್ಗುಲೂ ಬೆಳಗುತ್ತದೆ, ಆಗ ಮುಖ ಮತ್ತು ಮೈ ಎರಡೂ ಸಿಗುತ್ತವೆ. ಅದೇ ಹೊತ್ತಿಗೆ ಸೊಲ್ಲಾಪುರದ ಕಡೆ ಹೋಗುವ ಗಾಡಿಯ ಮುಖ ಕಪ್ಪಾಗಿರುತ್ತದೆ, ಅದಕ್ಕೆ ಸಂಜೆಯೇ ಸರಿ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಜೋಡಿಹಳಿಯಲ್ಲಿ ಗಾಡಿಗಳು ಎಡಗಡೆಯ ಹಳಿಯಲ್ಲಿ ಓಡುತ್ತವೆ. ಬಿಸಿಲಿರುವ ದಕ್ಷಿಣದ ಕಡೆ ನಿಂತವನಿಗೆ ಕಲಬುರಗಿ ಗಾಡಿ ಆಚೆಯ ಹಳಿಯಲ್ಲಿ, ಸೊಲ್ಲಾಪುರ ಗಾಡಿ ಈಚೆಯ ಹಳಿಯಲ್ಲಿ. ತಾಸೆರಡು ತಾಸು ಕಾದ ಗಾಡಿ ಎದುರಿಗೆ ಬರುವ ಹೊತ್ತಿಗೇ ಈಚೆಯ ಹಳಿಯಲ್ಲಿ ಮತ್ತೊಂದು ಅಡ್ಡ ಬಂದರೆ ಆ ದಿನದ ಚಿತ್ರ ಮುಗಿದಂತೆ.

ಬೇಸಿಗೆಯ ಮಾತು ಬೇರೆ. ಈ ಅಕ್ಷಾಂಶದಲ್ಲಿ ಮೇ ಎರಡನೇ ವಾರದ ಸುಮಾರಿಗೂ ಆಗಸ್ಟ್ ಆರಂಭದಲ್ಲೂ ನಡುಹಗಲ ಸೂರ್ಯ ನೆತ್ತಿಯ ಮೇಲೆ ನಿಲ್ಲುತ್ತಾನೆ. ಡಬ್ಬಿಯ ನೆರಳು ಡಬ್ಬಿಯ ಕೆಳಗೇ ಬಿದ್ದು ಗಾಲಿಗಳು ಕತ್ತಲಲ್ಲಿ ಮುಳುಗುತ್ತವೆ. ಕಾದ ಎರೆನೆಲದಿಂದ ಏಳುವ ಬಿಸಿಗಾಳಿ ದೂರದ ದೃಶ್ಯವನ್ನು ನಡುಗಿಸುತ್ತದೆ, ಎಷ್ಟು ಬೆಲೆಯ ಲೆನ್ಸ್ ಇದ್ದರೂ ಅದನ್ನು ಗೆಲ್ಲಲಾರದು. ಉದ್ದನೆಯ ಟೆಲಿ ಲೆನ್ಸಿನಲ್ಲಿ ತಿರುವಿನ ಮೇಲಿನ ಇಡೀ ಗಾಡಿಯನ್ನು ಒತ್ತೊತ್ತಾಗಿ ಹಿಡಿಯಬೇಕೆಂದರೆ ಬೆಳಗಿನ ತಂಪು ಬೇಕು.

ಬೆಳೆಯೂ ಲೆಕ್ಕಕ್ಕೆ ಬರುತ್ತದೆ. ಹಿಂಗಾರಿ ಬಿಳಿಜೋಳ ಎಳ್ಳಮಾವಾಸ್ಯೆಯ ಹೊತ್ತಿಗೆ ಆಳೆತ್ತರಕ್ಕೆ ಬಂದು ಗಾಲಿಗಳನ್ನೂ ಹಳಿಯನ್ನೂ ಮರೆಮಾಡುತ್ತದೆ. ಗಾಡಿ ತೆನೆಗಳ ಮೇಲೆ ತೇಲಿದಂತೆ ಕಾಣುವ ಚಿತ್ರ ಬೇಕಾದವರು ಆಗ ಬರುತ್ತಾರೆ. ಯಂತ್ರ ಪೂರ್ತಿ ಕಾಣಬೇಕೆನ್ನುವವರು ಸುಗ್ಗಿ ಮುಗಿದು ಕಣಿಕೆ ಕಿತ್ತ ಮೇಲೆ ಬರುತ್ತಾರೆ. ನಿಲ್ಲಲು ಹೊಲದ ಒಡ್ಡು ಒಳ್ಳೆಯದು, ಎರಡು ಅಡಿ ಎತ್ತರ ಸಿಕ್ಕರೂ ನೋಟ ಬದಲಾಗುತ್ತದೆ. ಅದಕ್ಕೆ ಹೊಲದವರ ಒಪ್ಪಿಗೆ ಬೇಕು. “ಕಾಕಾ, ಒಡ್ಡಿನ ಮ್ಯಾಲ ಸ್ವಲ್ಪ ನಿಂದ್ರತೀನ್ರಿ” ಎಂದರೆ “ನಿಂದ್ರಪಾ, ಜ್ವಾಳ ತುಳೀಬ್ಯಾಡ” ಎನ್ನುವ ಸೀಮೆ ಇದು. ರೈಲ್ವೆ ಜಾಗದೊಳಕ್ಕೆ ಮಾತ್ರ ಕಾಲಿಡುವಂತಿಲ್ಲ. 1989ರ ರೈಲ್ವೆ ಕಾಯ್ದೆಯ 147ನೇ ಕಲಮು ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸೆರೆ, ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಬಲ್ಲ ಛಾಯಾಗ್ರಾಹಕರ ಒಳ್ಳೆಯ ಚಿತ್ರಗಳೆಲ್ಲ ಗಡಿಯ ಹೊರಗಿನಿಂದ ತೆಗೆದವು.

ಕೆಲವು ವರ್ಷಗಳ ಹಿಂದೆ ಈ ಹಾದಿಗೆ ವಿದ್ಯುತ್ ಬಂತು. ಹಳಿಯ ಪಕ್ಕ ಕಂಬಗಳು ನಿಂತವು, ಮೇಲೆ 25,000 ವೋಲ್ಟಿನ ತಂತಿ. ಕಂಬಗಳ ನಡುವಿನ ಅಂತರ ಹೆಚ್ಚೆಂದರೆ 72 ಮೀಟರ್. ಇಂಜಿನ್ನಿನ ಮುಖಕ್ಕೆ ಕಂಬ ಅಡ್ಡ ಬರಬಾರದು, ಕಂಬದ ನೆರಳೂ ಬೀಳಬಾರದು, ತಂತಿಗೆ ತಾಗುವ ಪ್ಯಾಂಟೋಗ್ರಾಫಿನ ತುದಿ ಚೌಕಟ್ಟಿನಲ್ಲಿ ಕತ್ತರಿಸಿ ಹೋಗಬಾರದು. ತಾಸಿಗೆ 60 ಕಿ.ಮೀ. ವೇಗದ ಗಾಡಿ 72 ಮೀಟರನ್ನು ನಾಲ್ಕು ಸೆಕೆಂಡು ಚಿಲ್ಲರೆಯಲ್ಲಿ ದಾಟುತ್ತದೆ. ಅದರೊಳಗೆ ಮೂರೂ ಷರತ್ತು ಕೂಡಿಬರುವ ಗಳಿಗೆ ಅರ್ಧ ಸೆಕೆಂಡಿನದೂ ಅಲ್ಲ. ಆದ್ದರಿಂದ ಗಾಡಿ ಬರುವ ಮೊದಲೇ ಹಳಿಯ ಜಲ್ಲಿಯ ಮೇಲೆ ಒಂದು ಗುರುತು ಹಿಡಿದು, ಫೋಕಸ್ಸನ್ನು ಅಲ್ಲಿಗೇ ಕಟ್ಟಿಹಾಕಿ, ಇಂಜಿನ್ ಆ ಗುರುತಿಗೆ ಬಂದಾಗ ಗುಂಡಿ ಒತ್ತುತ್ತಾರೆ. ಬೆರಳು ಒತ್ತಿಯೇ ಹಿಡಿದು ಇಪ್ಪತ್ತು ಚಿತ್ರ ತೆಗೆಯುವ ಕ್ಯಾಮೆರಾಗಳೇನೋ ಈಗ ಇವೆ. ಒಂದೇ ಏಟಿನವರ ಚಿತ್ರ ಬೇರೆಯದೇ ಎಂಬುದು ನನ್ನ ಪಕ್ಷಪಾತ.

ಶಟರ್ ಎಂದರೆ ಬೆಳಕನ್ನು ಒಳಗೆ ಬಿಡುವ ಪರದೆ. ಅದು ಸೆಕೆಂಡಿನ ಸಾವಿರದಲ್ಲೊಂದು ಪಾಲು ತೆರೆದಿದ್ದರೆ ಅಷ್ಟರಲ್ಲಿ ಅದೇ 60 ಕಿ.ಮೀ. ವೇಗದ ಗಾಡಿ ಸರಿಯುವುದು ಒಂದೂಮುಕ್ಕಾಲು ಸೆಂ.ಮೀ.ಗಿಂತ ಕಡಿಮೆ, ಚಿತ್ರ ಚೂಪಾಗಿ ಬರುತ್ತದೆ. ಮೂವತ್ತರಲ್ಲೊಂದು ಪಾಲಿಗೆ ಇಳಿಸಿದರೆ ಗಾಡಿ ಅರ್ಧ ಮೀಟರಿಗೂ ಹೆಚ್ಚು ಸರಿಯುತ್ತದೆ. ಆಗ ಕ್ಯಾಮೆರಾವನ್ನೂ ಗಾಡಿಯ ವೇಗಕ್ಕೇ ಸೊಂಟದಿಂದ ತಿರುಗಿಸುತ್ತ ಹೋಗಬೇಕು. ಇದು ಪ್ಯಾನಿಂಗ್. ಗಾಡಿ ಸ್ಪಷ್ಟ ನಿಂತು ಜೋಳದ ಹೊಲ ಗೆರೆಗೆರೆಯಾಗಿ ಹರಿಯುತ್ತದೆ.

ಬೆಳಕಿನ ಅಳತೆಯಲ್ಲಿ ಕ್ಯಾಮೆರಾವನ್ನು ನಂಬುವಂತಿಲ್ಲ. ಕಲ್ಲಿದ್ದಲು ತುಂಬಿದ ಗಾಡಿ, ಕಪ್ಪು ನೆಲ ಕಂಡರೆ ಅದು ಕತ್ತಲೆಂದು ತಿಳಿದು ಬೆಳಕು ಹೆಚ್ಚಿಸುತ್ತದೆ, ಇದ್ದಲು ಬೂದಿಯಾಗುತ್ತದೆ. ಇಂಜಿನ್ನಿನ ಹೆಡ್‌ಲೈಟ್ ಎದುರಾದರೆ ಹೆದರಿ ಇಡೀ ಚಿತ್ರವನ್ನು ಮಂಕು ಮಾಡುತ್ತದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಪಿಂಗಾಣಿಗೆ ಬಳಸುವ ಬಿಳಿ ಜೇಡಿಯನ್ನು ಫೋಯ್ ಬಂದರಿಗೆ ಒಯ್ಯುವ ಮಾಲಗಾಡಿಗಳ ಚಿತ್ರ ತೆಗೆಯುವವರಿಗೆ ಇದೇ ಕಷ್ಟ ತಿರುವುಮುರುವು: ಬಿಳಿ ಧೂಳು ಕಂಡ ಕ್ಯಾಮೆರಾ ಬೆಳಕು ಕಡಿಮೆ ಮಾಡುತ್ತದೆ.  ಇಲ್ಲಿ ಸಿಮೆಂಟ್ ಗಾಡಿಯ ಬೂದುಧೂಳು ಮಧ್ಯಮ ಬಣ್ಣದ್ದಾದ್ದರಿಂದ ಅಷ್ಟು ಕಾಡುವುದಿಲ್ಲ. ಏನೇ ಇರಲಿ, ಅದೇ ಬಿಸಿಲಿನಲ್ಲಿ ಅಂಗೈ ಹಿಡಿದು ಅಳೆದು, ಎಲ್ಲವನ್ನೂ ಕೈಯಾರೆ ಹೊಂದಿಸಿ ಇಟ್ಟುಕೊಳ್ಳುವುದು ರೂಢಿ.

ಬಾಕ್ಸ್‌ಎನ್ ಗಾಡಿಯಲ್ಲಿ ಸಾಮಾನ್ಯವಾಗಿ 58ರ ಆಸುಪಾಸು ಡಬ್ಬಿಗಳು, ಉದ್ದ 600 ಮೀಟರ್ ಮೀರುತ್ತದೆ. ಇಂಜಿನ್ ದಾಟಿದ ಮೇಲೆ ಉಳಿದದ್ದು ಅದೇ 60 ಕಿ.ಮೀ. ವೇಗದಲ್ಲಿ ಹಾಯಲು ಸುಮಾರು ನಲವತ್ತು ಸೆಕೆಂಡು ಬೇಕು. ಹೊಸಬರು ಆಗ ಕ್ಯಾಮೆರಾ ಇಳಿಸಿಬಿಡುತ್ತಾರೆ. ಅನುಭವಿಗಳು ಡಬ್ಬಿಗಳ ಮೇಲಿನ ಸಂಖ್ಯೆಗಳನ್ನು ಹಿಡಿಯುತ್ತಾರೆ. ಅದು ಹನ್ನೊಂದು ಅಂಕಿಯದು: ಮೊದಲೆರಡು ಡಬ್ಬಿಯ ಜಾತಿ, ಮುಂದಿನೆರಡು ಒಡೆತನದ ರೈಲ್ವೆ ವಲಯ, ಆಮೇಲಿನೆರಡು ತಯಾರಾದ ವರ್ಷ, ನಂತರದ ನಾಲ್ಕು ಡಬ್ಬಿಯ ಸ್ವಂತ ಸಂಖ್ಯೆ, ಕೊನೆಯದು ತಪ್ಪು ಹಿಡಿಯುವ ತಾಳೆ ಅಂಕಿ. ಮನೆಗೆ ಬಂದು ಚಿತ್ರದ ಕೆಳಗೆ ದಿನ, ಹೊತ್ತು, ದಿಕ್ಕು, ಇಂಜಿನ್ನಿನ ಸಂಖ್ಯೆ, ಡಬ್ಬಿಯ ಜಾತಿ ಬರೆಯುತ್ತಾರೆ. ಮುಚ್ಚಿದ ಡಬ್ಬಿಯಾದರೆ ಲೋಡೋ ಖಾಲಿಯೋ ಎಂಬುದು ಹೊರಗಿನಿಂದ ಕಾಣದು. ಅದಕ್ಕೆ ಚಿತ್ರವನ್ನು ಹಿಗ್ಗಿಸಿ ಗಾಲಿಗಳ ನಡುವಿನ ಸ್ಪ್ರಿಂಗ್ ನೋಡುತ್ತಾರೆ: ಸುರುಳಿಗಳು ಒಂದಕ್ಕೊಂದು ಹತ್ತಿರವಾಗಿದ್ದರೆ ಲೋಡು, ಬಿಡಿಬಿಡಿಯಾಗಿದ್ದರೆ ಖಾಲಿ.