ಆದಾಯ ತೆರಿಗೆ ವಿನಾಯಿತಿಯ ದತ್ತಾಂಶ ಮತ್ತು ದುಡಿಯುವ ವಯಸ್ಸಿನ ಜನಸಂಖ್ಯೆ

ಆದಾಯ ತೆರಿಗೆ ವಿನಾಯಿತಿಯ ದತ್ತಾಂಶ ಎಂದರೆ ತೆರಿಗೆ ವಿವರಪಟ್ಟಿಗಳಲ್ಲಿ (ರಿಟರ್ನ್) ದಾಖಲಾಗುವ, ತೆರಿಗೆಯಿಂದ ಹೊರಗುಳಿದ ಆದಾಯ ಹಾಗೂ ವ್ಯಕ್ತಿಗಳ ಮಾಹಿತಿ. ಜನಗಣತಿ ಹತ್ತು ವರ್ಷಕ್ಕೊಮ್ಮೆ ನಡೆಯಬೇಕಾದದ್ದು. ತೆರಿಗೆ ವಿವರ ಪ್ರತಿವರ್ಷವೂ ಸಲ್ಲಿಕೆಯಾಗುತ್ತದೆ. ಹೀಗಾಗಿ ಒಂದು ರಾಜ್ಯದ ದುಡಿಯುವ ವಯಸ್ಸಿನ ಜನರನ್ನು ಅಂದಾಜು ಮಾಡಲು ಇದನ್ನು ಬಳಸುವುದುಂಟು. ಭಾರತದಲ್ಲಿ 2011ರ ನಂತರದ ಜನಗಣತಿ 2027ಕ್ಕೆ ನಿಗದಿಯಾಗಿರುವುದರಿಂದ ಇಂತಹ ಪರ್ಯಾಯ ದಾಖಲೆಗಳ ಅಗತ್ಯ ಹೆಚ್ಚಿದೆ. ಆದರೆ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರಿನಂತಹ ಕೃಷಿಪ್ರಧಾನ ತಾಲ್ಲೂಕುಗಳಲ್ಲಿ ಈ ದತ್ತಾಂಶವು ದುಡಿಯುವವರನ್ನು ತೋರಿಸುವುದಕ್ಕಿಂತ ಮರೆಮಾಡುವುದೇ ಹೆಚ್ಚು.

ಅಮೆರಿಕದ ಪದ್ಧತಿ

ಅಮೆರಿಕದಲ್ಲಿ ಪತಿ, ಪತ್ನಿ ಹಾಗೂ ಅವಲಂಬಿತರನ್ನು ಒಂದೇ ವಿವರಪಟ್ಟಿಯಲ್ಲಿ ತೋರಿಸಬಹುದು. ವಿವರಪಟ್ಟಿಗಳ ಸಂಖ್ಯೆಯನ್ನು ಕುಟುಂಬಗಳಿಗೂ, ಕೋರಿದ ವಿನಾಯಿತಿಗಳ ಸಂಖ್ಯೆಯನ್ನು ವ್ಯಕ್ತಿಗಳಿಗೂ ಸಮೀಪವೆಂದು ಭಾವಿಸಿ, ಎರಡು ವರ್ಷಗಳ ವಿಳಾಸಗಳನ್ನು ಹೋಲಿಸಿ ವಲಸೆಯನ್ನು ಲೆಕ್ಕಹಾಕುತ್ತಾರೆ. 2017ರ ತೆರಿಗೆ ಕಾಯ್ದೆಯು 2018ರಿಂದ ವೈಯಕ್ತಿಕ ವಿನಾಯಿತಿಯ ಮೊತ್ತವನ್ನು ಶೂನ್ಯಗೊಳಿಸಿತು.

ಭಾರತದ ಸ್ಥಿತಿ

ಭಾರತದಲ್ಲಿ ತೆರಿಗೆ ವ್ಯಕ್ತಿಗೆ ಸಂಬಂಧಿಸಿದ್ದು. ವಿವರಪಟ್ಟಿಯಿಂದ ಮನೆಯ ಸದಸ್ಯರ ಸಂಖ್ಯೆ ತಿಳಿಯದು. ಹಳೆಯ ತೆರಿಗೆ ಪದ್ಧತಿಯಲ್ಲಿ ಮೂಲ ವಿನಾಯಿತಿ ಮಿತಿಯು 60 ವರ್ಷದೊಳಗಿನವರಿಗೆ 2.5 ಲಕ್ಷ, 60 ತುಂಬಿದವರಿಗೆ 3 ಲಕ್ಷ, 80 ತುಂಬಿದವರಿಗೆ 5 ಲಕ್ಷ ರೂಪಾಯಿ. ದುಡಿಯುವ ವಯಸ್ಸನ್ನು ಇಲ್ಲಿ ಸಾಮಾನ್ಯವಾಗಿ 15ರಿಂದ 59 ಎಂದು ಎಣಿಸುವುದರಿಂದ ಈ ವಿಂಗಡಣೆ ಉಪಯುಕ್ತವಾಗಿತ್ತು. ಹೊಸ ಪದ್ಧತಿಯಲ್ಲಿ ವಯೋಭೇದವಿಲ್ಲ. 2025–26ನೇ ಆರ್ಥಿಕ ವರ್ಷದಿಂದ ಎಲ್ಲರಿಗೂ ಮಿತಿ 4 ಲಕ್ಷ ರೂಪಾಯಿ.

2024ರ ಜುಲೈ 31ರವರೆಗೆ ದೇಶದಲ್ಲಿ ಸುಮಾರು 7.28 ಕೋಟಿ ವಿವರಪಟ್ಟಿಗಳು ಸಲ್ಲಿಕೆಯಾದವು. 2011ರಲ್ಲಿಯೇ 15–59 ವಯಸ್ಸಿನವರು 70 ಕೋಟಿಗೂ ಮಿಕ್ಕಿದ್ದರು. ಹತ್ತರಲ್ಲಿ ಒಂದು ಪಾಲನ್ನು ಕಂಡು ಉಳಿದ ಒಂಬತ್ತನ್ನು ಊಹಿಸುವುದು ಕಷ್ಟ.

ನಾಲ್ಕು ತಾಲ್ಲೂಕುಗಳಲ್ಲಿ

1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದಲೂ, ಜಗಳೂರು ಚಿತ್ರದುರ್ಗದಿಂದಲೂ ಬಂದವು. ನ್ಯಾಮತಿ ತರುವಾಯ ಹೊನ್ನಾಳಿಯಿಂದ ಬೇರ್ಪಟ್ಟಿತು. ಚನ್ನಗಿರಿಯು ಅಡಿಕೆಯ ನಾಡು. ಜಗಳೂರು ಮಳೆಯನ್ನೇ ನಂಬಿದ ಬರಪೀಡಿತ ಪ್ರದೇಶ.

1961ರ ಆದಾಯ ತೆರಿಗೆ ಕಾಯ್ದೆಯ 10(1)ನೇ ಕಲಮು ಕೃಷಿ ಆದಾಯಕ್ಕೆ ವಿನಾಯಿತಿ ನೀಡಿತು. 2025ರ ಕಾಯ್ದೆಯೂ ಅದನ್ನು ಮುಂದುವರಿಸಿದೆ. ಚನ್ನಗಿರಿಯ ಬೆಳೆಗಾರ ತನ್ನ ತೋಟದ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿ ಮಾರಿದರೂ ಅದು ಕೃಷಿ ಆದಾಯವೇ, ಏಕೆಂದರೆ ಫಸಲನ್ನು ಮಾರುಕಟ್ಟೆಗೆ ಯೋಗ್ಯಗೊಳಿಸುವ ರೂಢಿಯ ಸಂಸ್ಕರಣೆ ಕೃಷಿಯೊಳಗೇ ಸೇರುತ್ತದೆ. ಅದೇ ತೋಟದ ಫಸಲನ್ನು ಮರದ ಮೇಲಿರುವಾಗಲೇ ಕೊಂಡ ಖೇಣಿದಾರನ ಲಾಭ ವ್ಯಾಪಾರದ ಆದಾಯ. ಇನ್ನು ಕೊನೆ ಇಳಿಸುವವರ ಹಾಗೂ ಅಡಿಕೆ ಸುಲಿಯುವ ಹೆಂಗಸರ ಕೂಲಿ ಕಾನೂನಿನ ದೃಷ್ಟಿಯಲ್ಲಿ ಕೃಷಿ ಆದಾಯವಲ್ಲ. ಅದು ಭೂಮಿಯ ಉತ್ಪನ್ನವಲ್ಲ, ದುಡಿಮೆಯ ಸಂಬಳ. ಮಿತಿಗಿಂತ ಕಡಿಮೆ ಇರುವುದರಿಂದಷ್ಟೇ ಅದಕ್ಕೆ ತೆರಿಗೆಯಿಲ್ಲ. ಹೀಗೆ ತೋಟದ ಒಡೆಯ ಆದಾಯದ ಸ್ವರೂಪದಿಂದಲೂ ಕೂಲಿಕಾರ ಆದಾಯದ ಅಲ್ಪತೆಯಿಂದಲೂ ಒಂದೇ ದಾಖಲೆಯಿಂದ ಕಣ್ಮರೆಯಾಗುತ್ತಾರೆ. ಇಬ್ಬರನ್ನೂ ‘ತೆರಿಗೆ ಕಟ್ಟದವರು’ ಎಂಬ ಒಂದೇ ಗುಂಪಿಗೆ ಸೇರಿಸುವುದು ಅಂಕಿಗಳಿಗೆ ಮಾಡುವ ಅನ್ಯಾಯವೇ ಸರಿ.

ಕೃಷಿಯೇತರ ಆದಾಯವು ಮಿತಿಯನ್ನು ಮೀರಿ, ಕೃಷಿ ಆದಾಯವೂ 5,000 ರೂಪಾಯಿಗಿಂತ ಹೆಚ್ಚಿದ್ದರೆ, ತೆರಿಗೆಯ ದರ ನಿರ್ಧರಿಸಲು ಎರಡನ್ನೂ ಕೂಡಿಸುತ್ತಾರೆ. ಆದ್ದರಿಂದ ವಿವರಪಟ್ಟಿಗಳಲ್ಲಿ ಕಾಣುವ ಕೃಷಿಕರು ಹೆಚ್ಚಾಗಿ ನೌಕರಿ ಅಥವಾ ವ್ಯಾಪಾರವೂ ಇರುವವರು.

ವಲಸೆಯ ವಿಷಯದಲ್ಲೂ ತೊಡಕಿದೆ. ಜಗಳೂರಿನಿಂದ ಬೆಂಗಳೂರಿಗೆ ನೌಕರಿಗೆ ಹೋದವನು ಅಲ್ಲಿನ ವಿಳಾಸ ಕೊಟ್ಟರೆ ಅಲ್ಲಿಯ ಲೆಕ್ಕಕ್ಕೆ ಸೇರುತ್ತಾನೆ. ಗುಳೆ ಹೋದ ಕೂಲಿಕಾರ ಎಲ್ಲಿಯ ಲೆಕ್ಕಕ್ಕೂ ಸೇರುವುದಿಲ್ಲ.

ಪೂರಕ ದಾಖಲೆಗಳು

2021ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್ ನೋಂದಣಿಯು ಅಸಂಘಟಿತ ವಲಯದ 16ರಿಂದ 59 ವರ್ಷದವರಿಗಾಗಿಯೇ ಇರುವುದರಿಂದ ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ. ಪಿಎಂ-ಕಿಸಾನ್ ಹಾಗೂ ಕರ್ನಾಟಕದ ಗೃಹಲಕ್ಷ್ಮಿ ಯೋಜನೆಗಳು ತೆರಿಗೆ ಪಾವತಿದಾರರನ್ನು ಹೊರಗಿಡುವುದರಿಂದ ಅವುಗಳ ಪಟ್ಟಿಗಳೂ ಪರೋಕ್ಷ ಸುಳಿವು ನೀಡಬಲ್ಲವು. ಆದರೆ ವಿವರಪಟ್ಟಿ ಸಲ್ಲಿಸಿದವರೆಲ್ಲ ತೆರಿಗೆ ಕಟ್ಟಿದವರಲ್ಲ. ಬ್ಯಾಂಕ್ ಸಾಲಕ್ಕೆಂದು ಶೂನ್ಯ ತೆರಿಗೆಯ ವಿವರ ಸಲ್ಲಿಸಿದ ಗೃಹಿಣಿಯನ್ನು ಪಾವತಿದಾರಳೆಂದು ಎಣಿಸಿದರೆ ತಪ್ಪುವುದು ಅಂಕಿಯೊಂದೇ ಅಲ್ಲ, ಆಕೆಗೆ ತಿಂಗಳಿಗೆ ಬರಬೇಕಾದ 2,000 ರೂಪಾಯಿಯೂ ತಪ್ಪುತ್ತದೆ.