ಸತುವಿನ ಪದರ ಮತ್ತು ಹೆಚ್ಚು ಹೇಳುವ ಗೇಜು

ಚಿಕ್ಕಬಳ್ಳಾಪುರ ಸೀಮೆಯ ದ್ರಾಕ್ಷಿ ಚಪ್ಪರಗಳ ತಂತಿಯಾಗಲಿ, ದಪ್ಪಮೆಣಸಿನಕಾಯಿ ಬೆಳೆಯುವ ಪಾಲಿಹೌಸ್‌ಗಳ ಜಿಐ ಪೈಪಾಗಲಿ ತುಕ್ಕು ಹಿಡಿಯದೆ ಎಷ್ಟು ಕಾಲ ಬಾಳುತ್ತದೆಂಬುದು ಉಕ್ಕಿನ ಮೇಲಿನ ಸತುವಿನ ಪದರದ ದಪ್ಪವನ್ನು ಬಹುಮಟ್ಟಿಗೆ ಅವಲಂಬಿಸಿದೆ. ಇದನ್ನು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವಾದ ಮೈಕ್ರಾನಿನಲ್ಲೋ, ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದಲ್ಲೋ ಹೇಳುವುದು ರೂಢಿ. ಸತುವಿನ ಸಾಂದ್ರತೆಯ ಲೆಕ್ಕದಂತೆ 610 ಗ್ರಾಂ ಎಂದರೆ ಸುಮಾರು 85 ಮೈಕ್ರಾನ್.

ಕಣ್ಣಿಗೆ ನಿಲುಕದ ದಪ್ಪವನ್ನು ತೂಕದಿಂದ ತಿಳಿಯುವ ಉಪಾಯ ಶಿಡ್ಲಘಟ್ಟದ ರೇಷ್ಮೆ ರೀಲರುಗಳಿಗೆ ಹೊಸದೇನಲ್ಲ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್ ಎಂಬುದು ಅಲ್ಲಿನ ಲೆಕ್ಕವಾದ್ದರಿಂದ, 450 ಮೀಟರ್ ನೂಲು 1 ಗ್ರಾಂ ತೂಗಿದರೆ ಅದು 20 ಡೆನಿಯರ್. ಆದರೆ ರೇಷ್ಮೆ ನೀರಿನಂಶ ಹೀರುವ ವಸ್ತು. ತೇವಗೊಂಡ ನೂಲು ಇದ್ದುದಕ್ಕಿಂತ ದಪ್ಪವೆಂದು ತೋರುತ್ತದೆ.

ಸತುವನ್ನು ತೂಗಬೇಕಾದರೆ ಪೈಪಿನ ತುಂಡನ್ನು ಕತ್ತರಿಸಿ, ಲೇಪವನ್ನು ಆಮ್ಲದಲ್ಲಿ ಕರಗಿಸಿ, ಮೊದಲಿನ ಮತ್ತು ನಂತರದ ತೂಕಗಳ ವ್ಯತ್ಯಾಸ ನೋಡಬೇಕು. ಮಾರುವ ಮಾಲನ್ನೆಲ್ಲ ಹೀಗೆ ಕತ್ತರಿಸಲಾಗದೆಂದೇ ಕೈಯಲ್ಲಿ ಹಿಡಿಯುವ ಗೇಜು ಬಳಕೆಗೆ ಬಂದಿದೆ. ಈ ಸಾಧನ ದಪ್ಪವನ್ನು ನೇರವಾಗಿ ಅಳೆಯುವುದಿಲ್ಲ. ಅದರ ತುದಿಯಲ್ಲಿರುವ ಪ್ರೋಬ್ ಅಡಿಯ ಉಕ್ಕಿನೊಡನೆ ಕಾಂತಕ್ಷೇತ್ರದ ಮೂಲಕ ಸಂಬಂಧ ಬೆಳೆಸುತ್ತದೆ. ನಡುವೆ ಕಾಂತಗುಣವಿಲ್ಲದ ಸತು ದಪ್ಪವಾದಷ್ಟೂ ಆ ಸಂಬಂಧ ಕ್ಷೀಣಿಸುವುದರಿಂದ, ಕ್ಷೀಣಿಸಿದ ಪ್ರಮಾಣವನ್ನೇ ಗೇಜು ಮೈಕ್ರಾನ್ ಆಗಿ ಓದುತ್ತದೆ. ತೊಡಕಿರುವುದು ಇಲ್ಲೇ. ದುಂಡು ಪೈಪಿನ ಉಬ್ಬು, ತೆಳುವಾದ ಪೈಪಿನ ಗೋಡೆ, ತುಂಡಿನ ಅಂಚು ಇವೂ ಆ ಸಂಬಂಧವನ್ನು ದುರ್ಬಲಗೊಳಿಸುತ್ತವೆ. ಪ್ರೋಬಿಗೆ ಮೆತ್ತಿದ ಧೂಳು ಲೇಪದ ಲೆಕ್ಕಕ್ಕೇ ಸೇರುತ್ತದೆ. ಹಾಗಾಗಿ ಈ ತಪ್ಪುಗಳೆಲ್ಲ ಇಲ್ಲದ ಸತುವನ್ನು ಇದೆಯೆಂದೇ ತೋರಿಸುತ್ತವೆ, ಅಂದರೆ ಮಾರುವವನ ಕಡೆಗೇ ವಾಲುತ್ತವೆ. ಕೊಳ್ಳುವ ರೈತನಿಗೆ ಅದು ಗೊತ್ತಾಗುವುದು ತುಕ್ಕು ಕಂಡ ಮೇಲೆಯೇ.

ಸಪಾಟು ತಗಡಿನ ಮೇಲೆ ಸೊನ್ನೆಗೆ ಹೊಂದಿಸಿದ ಗೇಜನ್ನು ನೇರವಾಗಿ ಪೈಪಿನ ಮೇಲೆ ಇಡುವುದು ಈ ಕಾರಣದಿಂದ ಸಲ್ಲದು. ಅದೇ ಅಳತೆಯ, ಅದೇ ಉಕ್ಕಿನ, ಸತುವಿಲ್ಲದ ತುಂಡಿನ ಮೇಲೆ ಸೊನ್ನೆ ಹೊಂದಿಸಬೇಕು. ತೂಕದ ಪರೀಕ್ಷೆಗೆಂದು ಆಮ್ಲದಲ್ಲಿ ಅದ್ದಿ ತೆಗೆದ ತುಂಡನ್ನು ತೊಳೆದು ಒಣಗಿಸಿ ಇಟ್ಟುಕೊಂಡರೆ ಅದೇ ಈ ಕೆಲಸಕ್ಕೂ ಒದಗುತ್ತದೆ. ಬಳಿಕ ಶಿಮ್ ಎಂದು ಕರೆಯುವ, ದಪ್ಪ ಮೊದಲೇ ಗೊತ್ತಿರುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಆ ತುಂಡಿನ ಮೇಲಿಟ್ಟು, ಗೇಜು ಅದರ ಮೇಲೆ ಬರೆದ ಅಂಕಿಯನ್ನೇ ತೋರಿಸುತ್ತದೆಯೇ ಎಂದು ನೋಡಬೇಕು. 85 ಮೈಕ್ರಾನ್ ನಿರೀಕ್ಷಿಸುವ ಕಡೆ 500 ಮೈಕ್ರಾನಿನ ಶಿಮ್ ಬಳಸಿದರೆ ಪ್ರಯೋಜನವಿಲ್ಲ, ನಿರೀಕ್ಷಿತ ದಪ್ಪಕ್ಕೆ ಹತ್ತಿರದ ಶಿಮ್ ಬೇಕು.

ಕಾಂತಗುಣವಿಲ್ಲದ ಅಲ್ಯೂಮಿನಿಯಂ ಕಿಟಕಿಗಳ ಪೌಡರ್ ಕೋಟಿಂಗಿಗೆ ಈ ಪ್ರೋಬ್ ಒದಗದು, ಸುಳಿಪ್ರವಾಹದ ತತ್ವದ ಪ್ರೋಬ್ ಬೇಕಾಗುತ್ತದೆ. ಅದರ ಸೊನ್ನೆ ಬರಿಯ ಅಲ್ಯೂಮಿನಿಯಂ ಮೇಲೆ.

ಕ್ಯಾಲಿಬ್ರೇಷನ್ ಎಂದರೆ ಗೇಜಿನ ಓದನ್ನು ಹಂತಹಂತವಾಗಿ ರಾಷ್ಟ್ರೀಯ ಮಾನಕದವರೆಗೆ ಹೋಲಿಸಿ, ವ್ಯತ್ಯಾಸವನ್ನು ದಾಖಲಿಸುವುದು. ಆ ಮಾನಕಗಳು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿವೆ. ಹೋಲಿಕೆ ಮಾಡಿಕೊಡುವ ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವುದು ಎನ್‌ಎಬಿಎಲ್. ಆದರೂ ಕ್ಯಾಲಿಬ್ರೇಷನ್ ಪ್ರಮಾಣಪತ್ರ ಹೇಳುವುದು ಪರೀಕ್ಷೆಯ ದಿನದ ಸ್ಥಿತಿಯನ್ನು ಮಾತ್ರ. ಗೌರಿಬಿದನೂರಿನಲ್ಲೋ ಚಿಂತಾಮಣಿಯಲ್ಲೋ ಶೆಡ್ಡೊಂದರ ನೆಲಕ್ಕೆ ಮರುದಿನವೇ ಬಿದ್ದ ಪ್ರೋಬಿನ ಸ್ಥಿತಿಯನ್ನು ಅಲ್ಲಿಯೇ ಶಿಮ್ ಇಟ್ಟು ನೋಡಬೇಕು; ಆ ಶಿಮ್ಮೂ ಕುಳಿಬಿದ್ದು ಸುಕ್ಕಾಗಿದ್ದರೆ ಅದನ್ನು ಎಸೆದು ಹೊಸದು ತರಿಸಬೇಕು.