ಶೋಧಕದ ಕೊಳೆ

ಚಳಿನಾಡಿನ ಮನೆಗಳಲ್ಲಿ ಗಾಳಿಯನ್ನು ಕಾಯಿಸಿ ಕೋಣೆಗಳಿಗೆ ತಳ್ಳುವ ಕುಲುಮೆಗಳಿರುತ್ತವೆ. ಕಾರವಾರದ ಬಳಿಯ ಬಿಣಗಾದಂತಹ ಕಡಲತೀರದ ಊರಿಗೆ ಬೇಕಾದುದು ಗಾಳಿಯನ್ನು ತಣಿಸುವ ಹವಾನಿಯಂತ್ರಕ. ಎರಡಕ್ಕೂ ಸಮಾನವಾದ ಅಂಗವೊಂದುಂಟು: ಧೂಳನ್ನು ಸೋಸುವ ಶೋಧಕ, ಅಂದರೆ ಫಿಲ್ಟರು.

ಧೂಳು ಕವಿದ ಶೋಧಕವು ಸೋಸಲಾರದೆಂದು ನಾವು ಭಾವಿಸುವುದುಂಟು. ವಾಸ್ತವವು ಬೇರೆ. ಸಿಕ್ಕಿಕೊಂಡ ಕಣಗಳು ಎಳೆಗಳ ನಡುವಿನ ಕಂಡಿಗಳನ್ನು ಕಿರಿದುಗೊಳಿಸುವುದರಿಂದ ಅದು ಮೊದಲಿಗಿಂತ ಸಣ್ಣ ಕಣಗಳನ್ನೂ ಹಿಡಿಯಬಲ್ಲದು. ಆದರೆ ಕಂಡಿ ಕಿರಿದಾದಂತೆ ಗಾಳಿಯ ಹರಿವೂ ಕುಗ್ಗುತ್ತದೆ. ಕೇಡಿರುವುದು ಇಲ್ಲಿಯೇ.

ಹವಾನಿಯಂತ್ರಕದಲ್ಲಿ ಶೋಧಕದ ಹಿಂದೆ ತಣ್ಣನೆಯ ಕೊಳವೆಸುರುಳಿಯಿದೆ. ಅದರೊಳಗಿನ ದ್ರವವು ಕೋಣೆಯ ಗಾಳಿಯಿಂದ ಶಾಖವನ್ನು ಹೀರಿ ಆವಿಯಾಗಬೇಕು. ಗಾಳಿ ಸಾಲದಾದರೆ ಶಾಖವೂ ಸಾಲದು. ಆಗ ಸುರುಳಿಯ ಉಷ್ಣತೆಯು 0° ಸೆಂಟಿಗ್ರೇಡಿಗಿಂತ ಕೆಳಗಿಳಿದು, ಕಡಲಗಾಳಿಯಲ್ಲಿ ಧಾರಾಳವಾಗಿರುವ ತೇವವು ಅದರ ಮೇಲೆ ಹಿಮವಾಗಿ ಕಟ್ಟಬಹುದು. ಹಿಮವು ಗಾಳಿಯ ದಾರಿಯನ್ನು ಮತ್ತಷ್ಟು ಮುಚ್ಚುತ್ತದೆ. ಕೋಣೆ ತಣಿಯದು, ಸಂಪೀಡಕವು ಬಿಡುವಿಲ್ಲದೆ ದುಡಿಯುತ್ತದೆ, ವಿದ್ಯುತ್ತಿನ ವೆಚ್ಚವೇರುತ್ತದೆ. ಆವಿಯಾಗದೆ ಉಳಿದ ದ್ರವವು ಸಂಪೀಡಕದೊಳಕ್ಕೆ ನುಗ್ಗಿದರೆ ಯಂತ್ರವೇ ಕೆಡಬಹುದು. ಕುಲುಮೆಯಲ್ಲಾದರೋ ಶಾಖವು ಹೊರಬೀಳದೆ ಒಳಭಾಗವು ಮಿತಿಮೀರಿ ಕಾಯುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಅಪಾಯವಿದೆ. ತೇವಗೊಂಡ ಧೂಳಿನಲ್ಲಿ ಬೂಷ್ಟು ಬೆಳೆಯುತ್ತದೆ. ಅದರ ಬೀಜಕಣಗಳು ಗಾಳಿಯೊಡನೆ ಕೋಣೆಯನ್ನು ಸೇರಿ ಉಬ್ಬಸದ ರೋಗಿಗಳನ್ನು ಬಾಧಿಸಬಲ್ಲವು.

ಪರಿಹಾರವು ಸುಲಭ. ಯಂತ್ರವನ್ನು ನಿತ್ಯ ಬಳಸುವ ದಿನಗಳಲ್ಲಿ ತಿಂಗಳಿಗೊಮ್ಮೆಯಾದರೂ, ವಿದ್ಯುತ್ತನ್ನು ನಿಲ್ಲಿಸಿ, ಜಾಲರಿಯ ಶೋಧಕವನ್ನು ಹೊರತೆಗೆದು ನೀರಿನಲ್ಲಿ ತೊಳೆಯಬೇಕು. ನೆರಳಿನಲ್ಲಿ ಪೂರ್ತಿಯಾಗಿ ಒಣಗಿದ ಮೇಲೆಯೇ ಅದನ್ನು ಮರಳಿ ಕೂಡಿಸಬೇಕು. ಕಾಗದದಂತಹ ಶೋಧಕವನ್ನು ತೊಳೆಯಲಾಗದು. ಅದನ್ನು ಕಾಲಕಾಲಕ್ಕೆ ಬದಲಿಸಲೇಬೇಕು. ಕೊಳೆಯನ್ನು ಹಿಡಿಯುವುದಷ್ಟೇ ಶೋಧಕದ ಕೆಲಸ. ಹಿಡಿದುದನ್ನು ತೆಗೆಯುವುದು ನಮ್ಮದು.